ಜೀರ್ಣೋದ್ಧಾರಗೊಂಡ ರೇಡಿಯೋಗಳು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮಸ್ಕಿಯ ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಂಸ್ಕೃತ ಬೋಧಿಸುತ್ತಿದ್ದೆ. ಬೆಳಗಿನ ಸ್ನಾನ, ಸಂಧ್ಯಾವಂದನೆಗಳನ್ನು ಮುಗಿಸಿ ದೇವರ ಮುಂದೆ ದೀಪ ಹಚ್ಚುವ ವೇಳೆಗೆ ಸರಿಯಾಗಿ ನಮ್ಮ ರೇಡಿಯೋದಲ್ಲಿ ಭಕ್ತಿಗೀತೆಗಳು ಆರಂಭವಾಗುತ್ತಿದ್ದವು. ಮದುವೆಯಲ್ಲಿ ಮಾವನವರು ಕೊಟ್ಟ ರೇಡಿಯೋ ಅದು. ಎರಡು ಸಲ ಅದು ಮೂಕವಾಯಿತು. ಲಿಂಗಸೂಗೂರಿನ ದೊಡ್ಡ ಅಂಗಡಿಯವರು ಇದರ ಆಯುಷ್ಯ ಮುಗಿಯಿತೆಂದು ಕೈಚೆಲ್ಲಿದರು. ಎರಡು ಸಲವೂ ಅದಕ್ಕೆ ಮಾತು ಮರಳಿಸಿದವನು ನಮ್ಮೂರಿನ ಬಸ್ ನಿಲ್ದಾಣದ ಎದುರು, ಬೇವಿನಗಿಡದ ಬುಡದಲ್ಲಿ ತಗಡಿನ ಡಬ್ಬಾ ಅಂಗಡಿ ಇಟ್ಟುಕೊಂಡು ಕೂತಿದ್ದ ರಿಪೇರಿಯವನು.

ಆತ ಮುಸಲ್ಮಾನ. ಮನೆಯಲ್ಲಿ ದಖನಿ, ಹೊರಗೆ ನಮ್ಮ ಕನ್ನಡ. ರೇಡಿಯೋದ ಹಿಂಬದಿ ಬಿಚ್ಚುವ ಮೊದಲು ಒಂದು ಕ್ಷಣ ಕಣ್ಣು ಮುಚ್ಚಿ ತುಟಿಯಲ್ಲೇ ಏನನ್ನೋ ಪಠಿಸುತ್ತಿದ್ದ. ಅದನ್ನು ಕಂಡ ದಿನವೇ ನನಗೆ ಅವನಲ್ಲಿ ಗೌರವ ಹುಟ್ಟಿತು. ಕೆಲಸಕ್ಕೆ ಮುನ್ನ ದೇವರನ್ನು ನೆನೆಯುವ ಕೈ ಕೆಟ್ಟದ್ದನ್ನು ಮಾಡದೆಂದು ನಾನು ಇಂದಿಗೂ ನಂಬಿದವನು.

ಅವನ ಕೆಲಸ ರಿಪೇರಿಗಷ್ಟೇ ಸೀಮಿತವಾಗಿರಲಿಲ್ಲ. ಜವಳಗೇರಾದ ಕಡೆ, ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಮನೆಗಳಿಗೆ ಹೊಸ ಟೇಪ್ ರೆಕಾರ್ಡರುಗಳೂ ಬಣ್ಣದ ಟೀವಿಗಳೂ ಬರತೊಡಗಿದ್ದವು. ಅವರು ಬೇಡವೆಂದು ಬಿಟ್ಟ ಹಳೆಯ ರೇಡಿಯೋ, ಟೇಪು, ಕಪ್ಪುಬಿಳುಪಿನ ಟೀವಿಗಳನ್ನು ಈತ ತಂದು, ಸರಿಪಡಿಸಿ, ಗುರುಗುಂಟಾ ಮುದಗಲ್ಲುಗಳ ಕಡೆಯ ಒಣ ಹೊಲದವರಿಗೆ ಕೊಡುತ್ತಿದ್ದ. ಹೀಗೆ ನೀರಿನ ಸೀಮೆಯ ಹಾಡು ಒಣ ಸೀಮೆಗೆ ಹರಿಯುವ ಒಂದು ಸಣ್ಣ ಕಾಲುವೆಯಾಗಿದ್ದ ಅವನು.

ರಸ್ತೆ ಅಗಲವಾಗುವ ಕೆಲಸ ಬಂತು. ಬೇವಿನಗಿಡ ಉರುಳಿತು, ಡಬ್ಬಾ ಎದ್ದಿತು. ಅವನಿಗೆ ಸಿಕ್ಕಿದ್ದು ದಲಾಲಿ ಅಂಗಡಿಗಳ ಹಿಂದಿನ ಓಣಿಯಲ್ಲಿ ಒಂದು ಕೋಣೆ. ಅಲ್ಲಿ ಬಿಸಿಲು ಬರುತ್ತಿತ್ತು, ಗಿರಾಕಿ ಬರುತ್ತಿರಲಿಲ್ಲ. ಮೂರು ತಿಂಗಳಾದ ಮೇಲೆ ಒಂದು ಸಂಜೆ ನಾನು ಹೋದಾಗ, ಹಲಗೆಗಳ ಮೇಲೆ ರೇಡಿಯೋಗಳು ಒತ್ತೊತ್ತಾಗಿ ಕೂತಿದ್ದವು. ಆತ ಬೆಸುಗೆ ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ.

"ಪಂಡಿತ್ರ, ನನ್ನ ಹೆಂಡತಿ ತಮ್ಮ ಸಿಂಧನೂರಾಗ ಅಕ್ಕಿ ಮಿಲ್ಲಿನ್ಯಾಗ ಅದಾನ. ಮಾಲಕರ ಕಡೆ ನನಗೊಂದು ಜಾಗಾ ಹಿಡದಿಟ್ಟಾನ. ಹಮಾಲರ ಮ್ಯಾಲ ನಿಗಾ ಇಡೂದಂತ. ದೀಪಾವಳಿ ಮಟ ಕಾಯ್ತೀನಿ, ಆಮ್ಯಾಲ ಬ್ಯಾರೇದವ್ರಿಗೆ ಕೊಡ್ತೀನಿ ಅಂದಾರಂತ ಮಾಲಕ್ರು."

"ನೀ ಏನಂದಿ?"

"ಏನನ್ನೂದ್ರೀ? ಈ ಕೈಗೆ ಬ್ಯಾರೆ ಕೆಲಸ ಗೊತ್ತಿಲ್ಲ. ಬಿಟ್ಟು ಹೋಗಾಕ ಜೀವ ಒಲ್ಲೆ ಅನ್ನಾಕತ್ತೈತಿ. ಆದ್ರ ಇಲ್ಲಿ ನೊಣಾನೂ ಬರವಲ್ದು. ದೀಪಾವಳಿ ಒಳಗ ಈ ಹಲಗಿ ಜರಾ ಖಾಲಿ ಆದ್ರ ಉಳೀತೀನಿ. ಇಲ್ಲಂದ್ರ ಹೊಂಟೆ." ಸುತ್ತಿದ ಕಡ್ಡಿಯನ್ನು ಬದಿಗಿಟ್ಟು ಅಂದ: "ನೀವು ಓದಿದವ್ರು. ನನಗೊಂದು ಬೋರ್ಡ್ ಬರದು ಕೊಡ್ರಿ. ಮಂದಿ ಕಣ್ಣಿಗೆ ಬೀಳೂವಂಗ."

ದೀಪಾವಳಿಗೆ ಇನ್ನು ಎರಡು ತಿಂಗಳಿಗಿಂತ ಕಡಿಮೆ ಉಳಿದಿತ್ತು. ನಾನು ಆ ಕೆಲಸವನ್ನು ಒಂದು ಸೇವೆಯಂತೆ ಕೈಗೆತ್ತಿಕೊಂಡೆ. ಎರಡು ದಿನ ಯೋಚಿಸಿದೆ. 'ಹಳೆಯ' ಎಂಬ ಮಾತನ್ನು ನನಗೆ ಸಹಿಸಲಾಗಲಿಲ್ಲ. ನನ್ನ ರೇಡಿಯೋ ಹಳೆಯದೇ? ಅದು ಇಂದು ಬೆಳಿಗ್ಗೆಯೂ ದೇವರ ಹಾಡು ಹಾಡಿತಲ್ಲ! 'ಬಳಸಿದ' ಎಂದರೆ ಎಂಜಲಿನ ವಾಸನೆ. 'ಸೆಕೆಂಡ್ ಹ್ಯಾಂಡ್' ಎಂಬುದನ್ನು ನನ್ನ ಲೇಖನಿ ಮುಟ್ಟುವಂತಿರಲಿಲ್ಲ. ಪೂಜೆಗೆ ಕೂತಾಗ ಪದ ತಾನಾಗಿ ಒಲಿದು ಬಂದಿತು. ಕುಸಿದ ಗುಡಿಯನ್ನು ಎತ್ತಿ ನಿಲ್ಲಿಸಿದರೆ ಒಳಗಿನ ದೇವರು ಹಳಬನಾಗುವುದಿಲ್ಲ. ಆ ಕಾರ್ಯಕ್ಕೆ ಹಿರಿಯರು ಎಷ್ಟು ಸುಂದರವಾದ ಹೆಸರಿಟ್ಟಿದ್ದಾರೆ! ನಾನು ಬರೆದೆ: 'ಜೀರ್ಣೋದ್ಧಾರಗೊಂಡ ಆಕಾಶವಾಣಿ ಹಾಗೂ ದೂರದರ್ಶನ ಯಂತ್ರಗಳು ಇಲ್ಲಿ ಲಭ್ಯ. ದಯಮಾಡಿಸಬೇಕು.'

ನನ್ನ ಮನೆಯವಳು ಹಾಳೆಯನ್ನು ದೂರ ಹಿಡಿದು ಓದಿ, "ಭಾಳ ಛಲೋ ಅದ. ಆದ್ರ ಅಂವ ರೇಡಿಯೋ ಮಾರ್ತಾನಂತ ಎಲ್ಲಿ ಬರದೀರಿ?" ಎಂದು ಕೇಳಿದಳು. ಆ ಪ್ರಶ್ನೆಯಲ್ಲಿ ಇದ್ದ ವಿವೇಕ ಆಗ ನನಗೆ ತಿಳಿಯಲಿಲ್ಲ.

ಬಣ್ಣದವನು ತಗಡಿನ ಮೇಲೆ ಅಕ್ಷರ ಬಿಡಿಸತೊಡಗಿ ಮೊದಲ ಪದದಲ್ಲೇ ಸ್ಥಳ ಮುಗಿಸಿಬಿಟ್ಟ. 'ಜೀರ್ಣೋದ್ಧಾರ' ಎಂಬುದು ಮೊಳದುದ್ದ ಕೆಂಪು ಅಕ್ಷರಗಳಲ್ಲಿ ವಿಜೃಂಭಿಸಿತು. ಉಳಿದದ್ದೆಲ್ಲ ಕೆಳಗೆ ಇರುವೆಯ ಸಾಲಿನಂತೆ ಹರಿಯಿತು. ಆದರೂ ಓಣಿಯ ಬಾಯಿಗೆ ಅದನ್ನು ಕಟ್ಟಿದಾಗ ನನಗೆ ಹೆಮ್ಮೆಯೇ ಆಯಿತು.

ಮುಂದಿನ ಎರಡು ವಾರ ನಡೆದದ್ದನ್ನು ಬರೆಯಲು ಈಗಲೂ ಸಂಕೋಚ. ಓಣಿಯಲ್ಲಿ ಮೊದಲು ಹಾಯುತ್ತಿದ್ದ ನಾಲ್ಕು ಮಂದಿಯೂ ಹಾಯದಂತಾದರು. ಬೋರ್ಡಿನ ಕಡೆ ಕಣ್ಣು ಹೋದೊಡನೆ ಜನ ಮುಖ ತಿರುಗಿಸಿ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಕಾರಣ ತಿಳಿದದ್ದು ಮುದಗಲ್ ಕಡೆಯ ಹಳ್ಳಿಯ ಒಬ್ಬ ಅಜ್ಜಿ ಬಂದ ದಿನ. ಬಸ್ಸಿನಿಂದಿಳಿದ ಯಾರೋ ಆಕೆಗೆ ಬೋರ್ಡಿನ ದೊಡ್ಡ ಅಕ್ಷರಗಳನ್ನು ಓದಿ ಹೇಳಿದ್ದರು. ಆಕೆ ಅಂಗಡಿಯ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಸೆರಗು ತಲೆಯ ಮೇಲೆಳೆದುಕೊಂಡು, ಮಡಿಲಿನಲ್ಲಿದ್ದ ಒಂದು ಪಡಿ ಜೋಳವನ್ನು ಮುಂದೆ ಹಿಡಿದು ನಿಂತಳಂತೆ.

"ತಗೊಳ್ಳಪ್ಪಾ. ಬಡವಿ ಕೈಲಿ ಆದಷ್ಟು. ಯಾವ ದೇವ್ರ ಗುಡಿ?"

"ಗುಡಿ ಅಲ್ಲವ್ವಾ, ರೇಡಿಯೋ ದುಕಾನು."

"ರೇಡಿಯೋಕೂ ಗುಡಿ ಕಟ್ಟಾಕತ್ತಾರೇನು? ಕಟ್ಟಲಿ ಬಿಡು, ಹಾಡ್ತೈತಲ್ಲ."

ಇದನ್ನು ಆತ ನನಗೆ ಹೇಳುವಾಗ ನಕ್ಕ. ಅಜ್ಜಿಗೆ ಚಹಾ ಕುಡಿಸಿ, ಜೋಳವನ್ನು ಮರಳಿ ಮಡಿಲಿಗೆ ಕಟ್ಟಿ ಬಸ್ಸಿಗೆ ಹತ್ತಿಸಿದ್ದ. ಆದರೆ ನನ್ನ ಮುಖ ನೋಡಿ ನಗು ನಿಲ್ಲಿಸಿ, "ನಿಮ್ಮ ತಪ್ಪಲ್ರೀ, ಬಣ್ಣದಾಂವ ಬೇಕೂಫ" ಎಂದ. ನನ್ನನ್ನು ಉಳಿಸಲು ಮತ್ತೊಬ್ಬನನ್ನು ಬೈದ ಅವನ ದಾಕ್ಷಿಣ್ಯವೇ ನನಗೆ ಹೆಚ್ಚು ಚುಚ್ಚಿತು. ಊರವರು ಚಂದಾ ಎತ್ತುವ ಜಾಗವೆಂದು ಹೆದರಿ ದೂರ ಸರಿಯುತ್ತಿದ್ದರು. ಅವರನ್ನು ಹೆದರಿಸಿದವನು ನಾನು.

ಬಸ್ ನಿಲ್ದಾಣದ ಚಹಾದಂಗಡಿಯವನು ಇಷ್ಟು ಸೌಮ್ಯನಾಗಿರಲಿಲ್ಲ.

"ಬರ್ರೀ ಮಾಸ್ತರ! ನಮ್ಮೂರಾಗ ಗುಡ್ಡದ ಕಲ್ಲಿನ ಮ್ಯಾಲ ಒಂದು ಶಾಸನ ಐತಿ, ಓದಾಕ ಪರದೇಶದಿಂದ ಮಂದಿ ಬರಬೇಕು. ಈಗ ಎರಡನೇದು ನೀವು ಬರಸೀರಿ."

"ತಪ್ಪಾಗ್ಯದ ಮಾರಾಯ. ಹೆಂಗ ಬರೀಬೇಕಿತ್ತು ಹೇಳು."

"ನನಗೇನ್ ಗೊತ್ತರೀ? ನಾ ಎರಡನೇ ಕ್ಲಾಸ್ ಫೇಲು. ಮಂದಿ ಹೆಂಗ ಕೇಳ್ತಾರ ಹಂಗ ಬರೀರಿ. ಇಲ್ಲೇ ಕುಂತು ಕೇಳ್ರಿ, ಚಹಾದ ರೊಕ್ಕ ಅಷ್ಟ ಕೊಡ್ರಿ, ಬುದ್ಧಿ ಪುಕ್ಕಟೆ."

ದಸರೆಯ ರಜೆ ಆರಂಭವಾಗಿತ್ತು. ನಾನು ಹಾಗೆಯೇ ಮಾಡಿದೆ. ಬೆಳಿಗ್ಗೆ ಪೂಜೆ ಮುಗಿಸಿ, ಒಂದು ನೋಟುಬುಕ್ಕು ಹಿಡಿದು, ಲಿಂಗಸೂಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸುಗಳು ನಿಲ್ಲುವಲ್ಲಿ, ಚಹಾದಂಗಡಿಯ ಬೆಂಚಿನ ತುದಿಯಲ್ಲಿ ಕುಳಿತೆ. ಬಾಲ್ಯದಲ್ಲಿ ಗುರುಗಳ ಮುಂದೆ ಕೂತು ಪರ್ಯಾಯ ಪದಗಳನ್ನು ಕಂಠಪಾಠ ಮಾಡಿದ್ದೆ. ನೀರಿಗೆ ಎಷ್ಟು ಹೆಸರು, ಬೆಂಕಿಗೆ ಎಷ್ಟು ಹೆಸರು ಎಂದು ಒಂದೇ ಉಸಿರಿಗೆ ಹೇಳಬಲ್ಲೆ. ಆದರೆ ಬಾಯಾರಿದವನು ಬಾಗಿಲಲ್ಲಿ ನಿಂತಾಗ ಆ ಪಟ್ಟಿಯಿಂದ ಒಂದೇ ಪದವನ್ನು ಎತ್ತಿಕೊಳ್ಳುತ್ತಾನೆ. ಅದು ಯಾವುದೆಂದು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಇಂದಿನವರು ಕೈಯಲ್ಲಿನ ಫೋನಿನಲ್ಲೇ ಇಂಥ ಸಾಮಾನು ಹುಡುಕುತ್ತಾರೆ. ತಾವು ಒತ್ತಿದ ಪದಕ್ಕೆ ಓಗೊಡದ ವಸ್ತು ಜಗತ್ತಿನಲ್ಲೇ ಇಲ್ಲವೆಂದು ತಿಳಿದು ಮುಂದೆ ಹೋಗುತ್ತಾರೆಂದು ಕೇಳಿದ್ದೇನೆ. ಆಗ ನಮ್ಮಲ್ಲಿ ಆ ಫೋನಿನ ಕೆಲಸ ಮಾಡುತ್ತಿದ್ದವನು ಚಹಾದಂಗಡಿಯವನು. ಬಸ್ಸಿನಿಂದಿಳಿದವರು ಮೊದಲು ಕೇಳುತ್ತಿದ್ದುದು ಅವನನ್ನೇ. ಅವನು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ.

ಮೊದಲ ದಿನ ನನ್ನ ಪುಸ್ತಕದಲ್ಲಿ ಬಿದ್ದ ಮಾತುಗಳು ಇವು. ಜವಳಗೇರಾದ ಒಬ್ಬ ರೈತ: "ನಮ್ಮ ಮನ್ಯಾಗ ಬಣ್ಣದ್ದು ಬಂದೈತಿ. ಕರೀದು ಯಾರರ ತಗೋತಾರೇನು?" ಅದರಲ್ಲಿ ಟೀವಿ ಎಂಬ ಪದವೇ ಇಲ್ಲ. ಒಬ್ಬ ಮದುಮಗನ ಅಣ್ಣ: "ಸೆಕೆಂಡ್ ಟೇಪ್ ಸಿಗ್ತೈತೇನ್ರಿ, ನೋಡಿದ್ರ ಹೊಸಾದು ಅನ್ನೂವಂಗ?" ಕುರಿಗಳನ್ನು ಹೊಡೆದುಕೊಂಡು ಬಂದ ಒಬ್ಬ: "ಕರೆಂಟ್ ಬ್ಯಾಡ. ಶೆಲ್ ಹಾಕೂದು ಬೇಕು. ಹೆಗಲಿಗೆ ಹಾಕ್ಕೊಂಡು ಅಡ್ಯಾಡೂದು." ಆಕಾಶವಾಣಿ ಎಂದವನು ಒಬ್ಬನೂ ಇಲ್ಲ. ದಯಮಾಡಿಸಬೇಕು ಎಂಬ ಮಾತಿಗೆ ಕಾದು ಕೂತವನೂ ಇಲ್ಲ. ನಾನು ಅವರಿಗೆ ಓಣಿಯ ದಾರಿ ತೋರಿಸಿದೆ, ಆದರೆ ಬೋರ್ಡು ಕಂಡು ಮರಳಿದವರೇ ಹೆಚ್ಚು.

ಮೂರನೆಯ ದಿನ, ಗುರುಗುಂಟಾದ ಒಬ್ಬ ಹೆಣ್ಣುಮಗಳು ಬಸ್ಸಿಳಿದು ಬಂದಳು. ಕಂಕುಳಲ್ಲಿ ಒಂದು ಬಟ್ಟೆಗಂಟು.

"ಅಣ್ಣಾ, ಬೇವಿನಗಿಡ ಎಲ್ಲೈತಿ?"

"ಕಡದಾರವ್ವ. ಮೂರು ತಿಂಗಳ ಮ್ಯಾಲಾತು."

"ಅಯ್ಯ ಶಿವನ!" ಎಂದು ಆಕೆ ನಿಟ್ಟುಸಿರು ಬಿಟ್ಟು, ಸಿಂಧನೂರಿನ ಬಸ್ಸಿನತ್ತ ತಿರುಗಿದಳು.

ಚಹಾದಂಗಡಿಯವನು ಸೋಸುವ ಬಟ್ಟೆಯನ್ನು ಹಿಂಡುತ್ತ ನನಗೆ ಹೇಳಿದ: "ದಿನಾ ಇದ ಕತಿ ನೋಡ್ರಿ ಮಾಸ್ತರ. ಬರೋರು ಹೋಗೋರು ಎಲ್ಲಾರೂ ಬೇವಿನಗಿಡ ಎಲ್ಲೈತಿ, ಬೇವಿನಗಿಡ ಎಲ್ಲೈತಿ. ಒಂದು ಗಿಡದ ಮ್ಯಾಲ ಮಂದಿಗೆ ಇಷ್ಟು ಮಾಯಾ ಇರ್ತೈತಂತ ನಾ ತಿಳಿದಿದ್ದಿಲ್ಲ."

ನನ್ನ ಕಣ್ಣು ಆಕೆಯ ಗಂಟಿನ ಮೇಲಿತ್ತು. ಅದರ ಮೂಲೆಯಿಂದ ರೇಡಿಯೋದ ಉಕ್ಕಿನ ಕಡ್ಡಿಯೊಂದು ಹೊರಗೆ ಇಣುಕುತ್ತಿತ್ತು. ನಾನು ಎದ್ದು ಹಿಂದೆ ಓಡಿದೆ. ಪಂಚೆ ಎತ್ತಿ ಹಿಡಿದು ಓಡಿದ ಪಂಡಿತನನ್ನು ಅಂದು ಮಸ್ಕಿಯ ಬಸ್ ನಿಲ್ದಾಣವೆಲ್ಲ ನೋಡಿತು.

"ತಾಯಿ, ಗಿಡದ ಕಡೆ ಏನು ಕೆಲಸ ಇತ್ತು?"

"ಗಿಡಾ ತಗೊಂಡು ನಾ ಏನ್ ಮಾಡ್ಲಿರೀ? ರೇಡಿಯೋ ಗಿಡ! ಅಲ್ಲಿ ಕುಂದರ್ತಿದ್ನಲ್ಲ, ಅಂವ. ಇದು ಕರೆಂಟಿಂದು, ನಮ್ಮಲ್ಲಿ ಕರೆಂಟ್ ಇರೂದ ಇಲ್ಲ. ಇದನ್ನ ಕೊಟ್ಟು ಶೆಲ್ಲಿಂದು ತಗೋಬೇಕಂತ ಬಂದಿದ್ದೆ. ಗಿಡಾನ ಹೋತಂದ ಮ್ಯಾಲ ಅಂವ ಎಲ್ಲಿರ್ತಾನ?"

ಆಕೆಯನ್ನು ಓಣಿಗೆ ಕರೆದೊಯ್ದು ಬಿಟ್ಟು ಬಂದು ನಾನು ಚಹಾದಂಗಡಿಯವನ ಮುಂದೆ ನಿಂತೆ. ವಿಷಯ ತಿಳಿದು ಅವನು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟ. "ಹಂಗಾದ್ರ ಮೂರು ತಿಂಗಳಿಂದ ಅವನ ಗಿರಾಕಿನೆಲ್ಲ ನಾನ ಸಿಂಧನೂರ ಬಸ್ಸಿಗೆ ಹತ್ತಿಸೀನೇನ್ರಿ?" ಎಂದ. ಆ ಬಾಯಾಳಿಯ ಮುಖದಲ್ಲಿ ಅಂದು ನಾನು ಕಂಡ ದುಃಖವನ್ನು ಮರೆತಿಲ್ಲ. ನಾನು ಬರೆದು ಕೆಡಿಸಿದ್ದೆ, ಅವನು ಹೇಳಿ ಕೆಡಿಸಿದ್ದ. ಇಬ್ಬರ ಮನಸ್ಸಿನಲ್ಲೂ ಕೇಡು ಇರಲಿಲ್ಲ.

ಹೊಸ ಬೋರ್ಡು ಹೇಗಿರಬೇಕೆಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. "ಬೇವಿನಗಿಡದ ರೇಡಿಯೋದವ ಅಂತ ಬರೀರಿ, ಮುಗೀತು." ನನಗೆ ಮಾತ್ರ ಕೈ ಏಳಲಿಲ್ಲ. ಓಣಿಯಲ್ಲಿ ಬೇವಿನಗಿಡವಿಲ್ಲ. ಇಲ್ಲದ್ದನ್ನು ಇದೆಯೆಂದು ಬರೆಯುವುದು ಅಸತ್ಯ. ದೇವರ ಮುಂದೆ ದಿನವೂ ಕೈಮುಗಿಯುವ ಬೆರಳುಗಳು ಅದನ್ನು ಬರೆಯಬಹುದೇ? ರಿಪೇರಿಯವನೂ ನನ್ನ ಪರವಾಗಿಯೇ ಮಾತಾಡಿದ. "ಮಂದಿ ಬಂದು ಗಿಡ ಎಲ್ಲಿ ಅಂದ್ರ ನಾ ಏನ್ ತೋರಿಸ್ಲಿ? ಸುಳ್ಳು ಬ್ಯಾಡ್ರಿ."

ಮರುದಿನ ಮುಂಜಾನೆ ದೇವರ ಪೀಠಕ್ಕೆ ತಾವರೆಯ ಬದಲು ಎರಡು ಕಣಗಿಲೆ ಏರಿಸುತ್ತ, ಅಭ್ಯಾಸಬಲದಿಂದ ಪಂಕಜ ಎಂಬ ಪದವುಳ್ಳ ಸ್ತುತಿಯನ್ನೇ ಹೇಳುತ್ತಿದ್ದೆ. ತಟ್ಟನೆ ಗುರುಗಳ ಪಾಠ ನೆನಪಾಯಿತು. ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದ್ದು. ಕೆಸರಿನಲ್ಲಿ ಜೊಂಡೂ ಹುಟ್ಟುತ್ತದೆ, ಕಪ್ಪೆಯೂ ಹುಟ್ಟುತ್ತದೆ. ಆದರೂ ಆ ಪದ ಕೇಳಿದೊಡನೆ ಲೋಕಕ್ಕೆ ಕಾಣುವುದು ತಾವರೆ ಮಾತ್ರ. ಪದದ ಬಿಡಿ ಅರ್ಥಕ್ಕಿಂತ ಜನರ ರೂಢಿಯೇ ಬಲವಾದದ್ದೆಂದು ಶಾಸ್ತ್ರಕಾರರು ಒಪ್ಪಿಕೊಂಡಿದ್ದಾರೆ. ಹಾಗಾದರೆ ಬೇವಿನಗಿಡದ ರೇಡಿಯೋದವನು ಎಂಬುದು ಈಗ ಗಿಡದ ವಿವರಣೆಯಲ್ಲ. ಅದು ಒಬ್ಬ ಮನುಷ್ಯನಿಗೆ ಹತ್ತಾರು ಹಳ್ಳಿಗಳು ಸೇರಿ ಇಟ್ಟ ಹೆಸರು. ಮನುಷ್ಯನ ಹೆಸರನ್ನು ಬರೆಯುವುದು ಹೇಗೆ ಸುಳ್ಳಾದೀತು? ನನ್ನ ಜೀವಮಾನದಲ್ಲಿ ಆ ಪಾಠ ಅಷ್ಟು ಪ್ರಯೋಜನಕ್ಕೆ ಬಂದದ್ದು ಬೇರೊಮ್ಮೆ ಇಲ್ಲ.

ನಾನು ಬರೆದುಕೊಟ್ಟೆ: 'ಬೇವಿನಗಿಡದ ರೇಡಿಯೋದವ ದಲಾಲಿ ಅಂಗಡಿಗಳ ಹಿಂದಿನ ಓಣಿಯಲ್ಲಿದ್ದಾನೆ. ಶೆಲ್ಲಿನ ರೇಡಿಯೋ, ಸೆಕೆಂಡ್ ಟೇಪು, ಕರಿ ಟೀವಿ.' ಸೆಕೆಂಡ್ ಎಂಬ ಪದವನ್ನು ಬರೆಯುವಾಗ ನನ್ನ ಲೇಖನಿಗೆ ಏನೂ ಆಗಲಿಲ್ಲ. ಈ ಸಲ ಬಣ್ಣದವನ ಪಕ್ಕದಲ್ಲೇ ಕೂತು ಎಲ್ಲ ಅಕ್ಷರಗಳೂ ಒಂದೇ ಅಳತೆಯಲ್ಲಿರುವಂತೆ ನೋಡಿಕೊಂಡೆ. ಓಣಿಯ ಬಾಯಿಯ ಹಳೆಯ ಬೋರ್ಡನ್ನು ಕಳಚಿದೆವು. ಹೊಸದನ್ನು ಚಹಾದಂಗಡಿಯವನು ಅಲ್ಲಿ ಕಟ್ಟಗೊಡಲಿಲ್ಲ. ತನ್ನ ಚಪ್ಪರದ ಮುಂಗಂಬಕ್ಕೇ, ಬಸ್ಸಿನ ಬಾಗಿಲು ಬಂದು ನಿಲ್ಲುವ ಎತ್ತರಕ್ಕೆ ಸರಿಯಾಗಿ ಕಟ್ಟಿಸಿಕೊಂಡ. "ಚಹಾದ ಬೋರ್ಡ್ ಹಿಂದಾತಲ್ಲೋ" ಎಂದರೆ, "ಚಹಾ ವಾಸನಿಗೆ ಬರ್ತಾರ ಬಿಡ್ರಿ" ಎಂದ.

ಒಳಗಿನ ಹಲಗೆಗಳ ಸಲುವಾಗಿಯೂ ಸ್ವಲ್ಪ ಕೆಲಸ ಮಾಡಿದೆ. ಒಂದೊಂದು ಸೆಟ್ಟಿಗೂ ಒಂದು ಚೀಟಿ ಕಟ್ಟಿದೆವು. ಆತ ಹೇಳುತ್ತಿದ್ದ, ನಾನು ಅವನ ಮಾತನ್ನೇ ಬರೆಯುತ್ತಿದ್ದೆ. 'ಒಂದು ಗುಂಡಿ ಬೇರೆ ಬಣ್ಣದ್ದು. ದನಿ ಸ್ವಚ್ಛ.' 'ಕ್ಯಾಸೆಟ್ಟಿನ ಬಾಗಿಲು ಮೆಲ್ಲಗೆ ಹಾಕಬೇಕು.' 'ಟೀವಿ ಕಾಯ್ದ ಮೇಲೆ ಚಿತ್ರ ಸ್ಥಿರವಾಗಿ ನಿಲ್ಲುತ್ತದೆ, ತುಸು ತಾಳಬೇಕು.' ಕೊರತೆಯನ್ನು ಮೊದಲೇ ಹೇಳಿದರೆ ಕೊಳ್ಳುವವರು ಓಡಿಹೋದಾರೆಂದು ನನಗೆ ಅಳುಕಿತ್ತು. ಆತ ಒಪ್ಪಲಿಲ್ಲ. "ಮನಿಗೆ ಒಯ್ದ ಮ್ಯಾಲ ತಿಳಿದ್ರ ಬೈತಾರ. ಇಲ್ಲೇ ತಿಳಿದ್ರ ನಗ್ತಾರ" ಎಂದ.

ಗಿರಾಕಿಗಳು ಒಮ್ಮೆಲೇ ಮುಗಿಬೀಳಲಿಲ್ಲ. ಮೊದಲ ವಾರ ಇಬ್ಬರು ಬಂದರು. ಮುಂದೆ ಸಂತೆಯ ದಿನ ಆರೇಳು ಮಂದಿ. ಬಂದವರಲ್ಲಿ ಹೆಚ್ಚಿನವರ ಮೊದಲ ಮಾತು ಬೈಗುಳ. "ಎಲ್ಲಿ ಹೋಗಿದ್ದೆಲೇ? ಸತ್ತೀ ಅಂತ ತಿಳಕೊಂಡಿದ್ದೆ!" ಅವನಿಗೆ ಆ ಬೈಗುಳ ಆಶೀರ್ವಾದದಂತೆ ಕೇಳುತ್ತಿತ್ತು. ಶೆಲ್ಲಿನ ರೇಡಿಯೋಗಳ ಸಾಲು ತೆಳುವಾಯಿತು. ಟೀವಿಗಳು ಮಾತ್ರ ಕದಲಲಿಲ್ಲ. ದೀಪಾವಳಿಗೆ ನಾಲ್ಕು ದಿನ ಉಳಿದಾಗಲೂ ಹಲಗೆಗಳು ಅರ್ಧದಷ್ಟು ತುಂಬಿಯೇ ಇದ್ದವು.

ಅಂದೇ ಬೆಳಿಗ್ಗೆ ಅವನ ಹೆಂಡತಿಯ ತಮ್ಮ ಸಿಂಧನೂರಿನಿಂದ ಟೆಂಪೋ ಮಾಡಿಕೊಂಡು ಬಂದೇಬಿಟ್ಟ. ಒಳ್ಳೆಯ ಹುಡುಗ. ಅಕ್ಕನ ಮನೆ ಹಸಿಯಬಾರದೆಂಬ ಒಂದೇ ಚಿಂತೆ ಅವನದು. ಪಾತ್ರೆಪಗಡ, ಮೇಜು, ಹಲಗೆ ಎಲ್ಲವನ್ನೂ ಒಂದೇ ಸಲಕ್ಕೆ ಸಾಗಿಸಿಬಿಡಬೇಕೆಂದು ಹಗ್ಗವನ್ನೂ ತಂದಿದ್ದ. ನಾನು ಅಲ್ಲೇ ಇದ್ದೆ.

"ಏಳು ಭಾವಾ. ಹಬ್ಬಕ್ಕ ಮಂದಿ ಕಡಿಮಿ ಬಿದ್ದಾರಂತ, ಮಾಲಕ್ರು ನಾಳಿಂದ ಬಾ ಅಂದಾರ."

"ಚಹಾ ಕುಡಿ. ಇದೊಂದು ಮುಗಸ್ತೀನಿ" ಎಂದ ಆತ. ಅವನ ಮುಂದೆ ಒಂದು ರೇಡಿಯೋ ಬಿಚ್ಚಿ ಬಿದ್ದಿತ್ತು. ಅದರ ಒಡೆಯ, ಮುದಗಲ್ಲಿನ ಒಬ್ಬ ಮುದುಕ, ಎದುರಿಗೇ ಕೂತಿದ್ದ.

ಅದು ಮುಗಿಯುವಷ್ಟರಲ್ಲಿ ಇನ್ನಿಬ್ಬರು ಬಂದರು. ಚಹಾದಂಗಡಿಯವನು ನಿಲ್ದಾಣದಿಂದಲೇ ಕೂಗಿ ಕಳಿಸುತ್ತಿದ್ದ. ಹಬ್ಬದ ಸಂತೆ. ಓಣಿಯಲ್ಲಿ ಜನ ನಿಲ್ಲತೊಡಗಿದರು. ಟೆಂಪೋದವನು ಹಾರ್ನ್ ಬಾರಿಸಿ ಬಾರಿಸಿ ಸುಮ್ಮನಾದ. ಒಬ್ಬ ಹೆಂಗಸು ಒಂದು ಟೇಪನ್ನು ಎತ್ತಿ ಹಿಡಿದು, "ಇದರಾಗ ಏನ್ ಬರದೈತಿ ಓದ್ರಿ" ಎಂದು ಬಳಿಯಲ್ಲಿದ್ದ ಆ ಮೈದುನನನ್ನೇ ಕೇಳಿದಳು. ಅವನು ಚೀಟಿ ಓದಿದ. "ಬಾಗಿಲು ಮೆಲ್ಲಗೆ ಹಾಕಬೇಕಂತ." ಆಕೆ ನಕ್ಕು, "ನಮ್ಮ ಮನಿ ಬಾಗಿಲಾನೂ ಹಂಗ ಐತಿ" ಎಂದು ಅದನ್ನೇ ಆರಿಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಮೈದುನ ಹಗ್ಗವನ್ನು ಮೂಲೆಗೆಸೆದು, ಸೆಟ್ಟುಗಳನ್ನು ಹಲಗೆಯಿಂದ ಇಳಿಸಿ ಒರೆಸಿ ಕೊಡುತ್ತಿದ್ದ. ಕರಿ ಟೀವಿಗಳಲ್ಲೂ ಎರಡು ಹೋದವು. ಮೂರು ಉಳಿದವು.

ಬಿಸಿಲು ಇಳಿಯುವ ಹೊತ್ತಿಗೆ ಓಣಿ ಖಾಲಿಯಾಯಿತು. ಆತ ಎದ್ದು ಕೈಕಾಲು ಮುಖ ತೊಳೆದು, ನಮಾಜಿಗೆಂದು ಚಾಪೆ ಹಾಸಿದ. ಮುಗಿಯುವವರೆಗೆ ನಾನೂ ಮೈದುನನೂ ಹೊರಗೆ ಕಟ್ಟೆಯ ಮೇಲೆ ಕೂತೆವು. ನಾನೂ ನನ್ನ ದೇವರನ್ನು ನೆನೆದೆ. ಒಳಗಿದ್ದ ಅವನ ಬೇಡಿಕೆಯೂ ನನ್ನ ಬೇಡಿಕೆಯೂ ಒಂದೇ ಆಗಿದ್ದಿರಬೇಕು.

ಅವನು ಹೊರಗೆ ಬಂದಾಗ ಮೈದುನ ಕೇಳಿದ: "ಮಾಲಕರಿಗೆ ಏನಂತ ಹೇಳ್ಲಿ ಭಾವಾ?"

ಆತ ಒಳಗಿನ ಮೇಜಿನ ಕಡೆಗೊಮ್ಮೆ ನೋಡಿದ. ಅಲ್ಲಿ ನಾಳೆ ಬಂದು ಒಯ್ಯುವೆವೆಂದು ಬಿಟ್ಟುಹೋದ ನಾಲ್ಕು ರೇಡಿಯೋಗಳು ಹಿಂಬದಿ ತೆರೆದುಕೊಂಡು ಬಿದ್ದಿದ್ದವು.

"ಜಾಗಾ ಬ್ಯಾರೇದವ್ರಿಗೆ ಕೊಡ್ರಿ ಅಂತ ಹೇಳು. ನಾ ಬರೂದಿಲ್ಲ."

ಮೈದುನ ನನ್ನ ಕಡೆ ತಿರುಗಿ, "ಅಕ್ಕಗೆ ನೀವ ಹೇಳ್ರಿ ಪಂಡಿತ್ರ, ನನಗ ಬೈತಾಳ" ಎಂದ. ಆಮೇಲೆ ಖಾಲಿ ಟೆಂಪೋದಲ್ಲಿ ಮುಂದಿನ ಸೀಟಿಗೆ ಹತ್ತಿ ಸಿಂಧನೂರಿನ ದಾರಿ ಹಿಡಿದ.